‘ನಾಳೆ ಬಾ’ ಅಳಿಸಿದ ಬಗೆ

ಪಿಎಚ್‌ಡಿ ಪ್ರಬಂಧ 3 ವರ್ಷದಿಂದ ನಿಂತಲ್ಲೇ ನಿಂತಿತ್ತು. ವಿಷಯ ಬೆಂಗಳೂರಿನ ಕಾಣೆಯಾದ ಕೆರೆಗಳು. ಹಳ್ಳಿ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ಹಾಗೆ ದಿನಾ ಕೆಲಸವನ್ನು ವಾಪಸ್ ಕಳಿಸುತ್ತಿದ್ದೆ. ಸೋಮಾರಿತನ ಅಂದುಕೊಂಡಿದ್ದೆ. ಅಲ್ಲ, ಅದು ಭಯ. 300 ಪುಟ ಅಂದ ಕೂಡಲೇ ಕೈ ಮರಗಟ್ಟುತ್ತಿತ್ತು.

ಒಂದು ಸಂಜೆ ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ನಾನು ನಿಂತ ಜಾಗವೇ ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳ ಅನ್ನೋದು ಹೊಳೆಯಿತು. ಫೋನಲ್ಲೇ 5 ಸಾಲು ಬರೆದೆ. ಮರುದಿನದಿಂದ ಅದೇ ನಿಯಮ: ಬಸ್ ಬರುವಷ್ಟರಲ್ಲಿ 5 ಸಾಲು, ಚೆನ್ನಾಗಿರಲೇಬೇಕು ಅಂತೇನಿಲ್ಲ. ಕೊನೆಯ ವಾಕ್ಯವನ್ನು ಬೇಕಂತಲೇ ಅರ್ಧಕ್ಕೆ ಬಿಡುತ್ತಿದ್ದೆ. ಮರುದಿನ ಎಲ್ಲಿಂದ ಶುರು ಮಾಡಲಿ ಅನ್ನೋ ತಡಕಾಟವೇ ಇರುತ್ತಿರಲಿಲ್ಲ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದ ಕಥೆ ಹೀಗೇ ಬರೆದದ್ದು. ವಾರಕ್ಕೊಮ್ಮೆ ಕಬ್ಬನ್ ಪಾರ್ಕಿನ ಗ್ರಂಥಾಲಯದಲ್ಲಿ ಕೂತು, 25 ನಿಮಿಷಕ್ಕೆ ಅಲಾರಂ ಇಟ್ಟು, ಬರೆದದ್ದನ್ನೆಲ್ಲ ಜೋಡಿಸುತ್ತಿದ್ದೆ.

ಮಧ್ಯೆ ಅಮ್ಮನಿಗೆ ಹುಷಾರಿಲ್ಲದೆ 15 ದಿನ ತಪ್ಪಿತು. ಬಾಕಿ ಉಳಿದ 75 ಸಾಲು ತೀರಿಸಲು ಹೋಗಲಿಲ್ಲ, ಮತ್ತೆ ಐದರಿಂದಲೇ ಶುರು ಮಾಡಿದೆ. ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಇದೇ ಮುಖ್ಯ. ಹಿಂದೆಲ್ಲ ಇಂಥ ಕಡೆಯೇ ಕೈಬಿಡುತ್ತಿದ್ದೆ.

ಹೋದ ತಿಂಗಳು ಮೊದಲ ಎರಡು ಅಧ್ಯಾಯ ಗೈಡ್ ಕೈಗೆ ಕೊಟ್ಟೆ.