ಮೊದಲು ಹೋಗಿ ಕೇಳಿ, ಆಮೇಲೆ ಪರಿಹಾರ ಹೇಳಿ

ನಿಜವಾದ ಸಮಸ್ಯೆಯನ್ನು ಮಕ್ಕಳ ಕೈಗೆ ಕೊಡುವಾಗ ನನ್ನದು ಒಂದೇ ನಿಯಮ. ತೊಂದರೆ ಯಾರದೋ ಅವರ ಜೊತೆ ಮಾತಾಡಿ ಬರುವವರೆಗೆ ತರಗತಿಯಲ್ಲಿ ಯಾರೂ ಪರಿಹಾರ ಹೇಳುವ ಹಾಗಿಲ್ಲ. ಮಕ್ಕಳಿಗೆ ಇದು ಸುಲಭವಲ್ಲ. ಉತ್ತರ ಬೇಗ ಹೇಳಿದವರೇ ಜಾಣರು ಅಂತ ಎಲ್ಲ ಕಡೆ ಕಲಿತು ಬಂದಿರುತ್ತಾರೆ, ಅಲ್ವಾ?

ಒಮ್ಮೆ ಅವರು ಆರಿಸಿಕೊಂಡಿದ್ದು ಶಾಲೆಯ ನಲ್ಲಿ. ಪುಟ್ಟ ಮಕ್ಕಳು ಅದನ್ನು ಸರಿಯಾಗಿ ನಿಲ್ಲಿಸುತ್ತಿರಲಿಲ್ಲ, ನೀರು ಸುಮ್ನೆ ಹರಿದು ಹೋಗುತ್ತಿತ್ತು. ಬೋರ್ಡ್ ಹಾಕೋಣ, ಹೆಸರು ಬರೆದುಕೊಳ್ಳೋಣ, ದಂಡ ಹಾಕೋಣ ಅಂತ ಶುರುವಾಯಿತು. ನಾನು ನೋಟ್‌ಬುಕ್ಕಿನ ಹಾಳೆಯ ಮಧ್ಯೆ ಗೆರೆ ಎಳೆಸಿದೆ. ಎಡಗಡೆ ಕಣ್ಣಾರೆ ಕಂಡಿದ್ದು, ಬಲಗಡೆ ನಮ್ಮ ಊಹೆ. "ಅವರಿಗೆ ಅಸಡ್ಡೆ", "ಯಾರೂ ಹೇಳಿಕೊಟ್ಟಿಲ್ಲ" ಅಂತ ಬಲಗಡೆ ತುಂಬಿತು. ಎಡಗಡೆ ಖಾಲಿ.

ಬಿಡುವಿನಲ್ಲಿ ಹೋಗಿ ನಿಂತು ನೋಡಿದರು. ಪುಟಾಣಿಗಳು ತುದಿಗಾಲಲ್ಲಿ ನಿಂತು, ಒಂದು ಕೈಯಲ್ಲಿ ತುಂಬಿದ ಬಾಟಲಿ ಹಿಡಿದು, ಇನ್ನೊಂದು ಕೈಯಲ್ಲಿ ನಲ್ಲಿ ತಿರುಗಿಸೋಕೆ ಒದ್ದಾಡುತ್ತಿದ್ದರು. ಬೈಯದೆ ಕೇಳಿದ್ದಕ್ಕೆ ಒಬ್ಬ ಹೇಳಿದನಂತೆ: "ತುಂಬಾ ಬಿಗಿ ಅಕ್ಕಾ, ಕೈ ನೋಯುತ್ತೆ." ದಂಡದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆದರೆ ಮನಸ್ಸು ಕರಗಿದ ಕೂಡಲೇ ಯೋಚನೆ ನಿಂತುಬಿಡುವುದೂ ಉಂಟು. ನನಗೆ ಜಾಸ್ತಿ ಭಯ ಇರುವುದು ಇಲ್ಲೇ. ಕಾಲಡಿಗೆ ಒಂದು ಮಣೆ ಇಡೋಣ ಅಂದರು, ಎಲ್ಲರೂ ಒಪ್ಪಿದರು. ಆಗ ಪ್ಲೇಪಂಪ್ ಬಗ್ಗೆ ಹೇಳಿದೆ. ಮಕ್ಕಳು ಆಡುತ್ತಾ ತಿರುಗಿಸಿದರೆ ನೆಲದಡಿಯ ನೀರು ಮೇಲೆ ಬರುವ ಚಕ್ರ ಅದು. ದಕ್ಷಿಣ ಆಫ್ರಿಕಾ, ಮೊಜಾಂಬಿಕ್, ಮಲಾವಿಯಲ್ಲೆಲ್ಲ ಹಾಕಿದರು, 2006ರಲ್ಲಿ ದೊಡ್ಡ ನೆರವೂ ಬಂತು. ಮಕ್ಕಳು ಆಡದ ಹೊತ್ತಿನಲ್ಲಿ ಅದನ್ನು ದೂಡುವ ಕೆಲಸ ಹೆಂಗಸರ ಪಾಲಾಯಿತು, ಎಷ್ಟೋ ಕಡೆ ಹಳೆಯ ಕೈಪಂಪೇ ವಾಸಿ ಅನ್ನಿಸಿತು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ನೀರು ಸೇದುವವರ ದಿನ ಹೇಗಿರುತ್ತೆ ಅಂತ ಮಾತ್ರ ಸಾಕಷ್ಟು ವಿಚಾರಿಸಿರಲಿಲ್ಲ.

ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು. ನಾವು ಹೇಳಿದ್ದರಿಂದ ಯಾರಿಗೆ ತೊಂದರೆ ಆಗಬಹುದು ಅಂತ ಕೇಳಿದೆ. ಒದ್ದೆ ನೆಲದಲ್ಲಿ ಮಣೆ ಜಾರುತ್ತೆ ಅಂತ ಒಬ್ಬಳು, ಎತ್ತರ ಸರಿ ಹೋದರೂ ಬಿಗಿ ಹಾಗೇ ಇರುತ್ತಲ್ಲ ಅಂತ ಇನ್ನೊಬ್ಬ. ಕೊನೆಗೆ ಒಂದೇ ಒಂದು ನಲ್ಲಿಗೆ ಉದ್ದ ಹಿಡಿ ಇರುವುದನ್ನು ಹಾಕಿಸಿ, ಎಲ್ಲರಿಗಿಂತ ಚಿಕ್ಕವನನ್ನೇ ಕರೆದು ತಿರುಗಿಸಲು ಹೇಳಿದರು. ಅವನು ಎರಡು ಬೆರಳಲ್ಲಿ ನಿಲ್ಲಿಸಿದ. ಮಿಕ್ಕ ನಲ್ಲಿಗಳ ವಿಷಯ ಮಾತಾಡಿದ್ದು ಅದಾದ ಮೇಲೆ.

ಅಂಕ ಕೊಡುವಾಗ ಪರಿಹಾರ ಎಷ್ಟು ಚೆನ್ನಾಗಿದೆ ಅಂತ ನಾನು ಜಾಸ್ತಿ ನೋಡುವುದಿಲ್ಲ. ಯಾರನ್ನು ಕೇಳಿದಿರಿ, ಮೊದಲು ಅಂದುಕೊಂಡಿದ್ದರಲ್ಲಿ ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ, ಇಷ್ಟನ್ನು ಬರೆಸುತ್ತೇನೆ.