ನಾಯಿಮರಿ ತರುವ ಮುಂಚೆ ಅದರ ತಾಯಿಯನ್ನು ನೋಡಿ ಬನ್ನಿ

ನಮ್ಮ ಮನೆಯಲ್ಲಿ ಎರಡು ಲ್ಯಾಬ್ರಡಾರ್‌ಗಳಿವೆ, ಗುಂಡ ಮತ್ತು ಚಿನ್ನಿ. ನಾಲ್ಕು ತಿಂಗಳ ಅಂತರದಲ್ಲಿ ಒಬ್ಬನೇ ವ್ಯಾಪಾರಿಯಿಂದ ತಂದದ್ದು. ಎರಡರ ಕಾಗದದಲ್ಲೂ ತಾಯಿಯ ಹೆಸರು ಒಂದೇ. ಅಣ್ಣ-ತಂಗಿ ಒಂದೇ ಮನೆ ಸೇರಿದರು ಅಂತ ನಮಗೆಲ್ಲ ಖುಷಿಯೋ ಖುಷಿ.

ಐದು ವರ್ಷ ಕಳೆದ ಮೇಲೆ ಗುಂಡ ಹಿಂಗಾಲು ಎಳೆಯತೊಡಗಿದ. ಸೊಂಟದ ಕೀಲು ಸರಿಯಾಗಿ ಕೂತಿಲ್ಲ, ಇದು ವಂಶದಲ್ಲಿ ಬರುವ ತೊಂದರೆ ಎಂದರು ಡಾಕ್ಟರು. ತಾಯಿಯ ವಿವರ ಕೇಳಿದರು. ಎರಡೂ ಕಾಗದ ಮುಂದಿಟ್ಟೆ. ಹುಟ್ಟಿದ ದಿನಗಳನ್ನು ನೋಡಿ ಹೇಳಿದರು: "ಹೆಣ್ಣುನಾಯಿ ಗಬ್ಬ ಹೊರುವುದು ಸುಮಾರು 63 ದಿನ. ಬೆದೆಗೆ ಬರುವುದು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ. ನಾಲ್ಕು ತಿಂಗಳಿಗೇ ಇನ್ನೊಂದು ಸೂಲು ಹೇಗೆ ಬಂತು ಸರ್?"

ವಿಳಾಸ ಹುಡುಕಿಕೊಂಡು ಹೋದೆವು. ಊರಾಚೆ ಒಂದು ತೋಟ, ಅದರಲ್ಲೊಂದು ಶೀಟಿನ ಶೆಡ್ಡು. ಜಾಲರಿ ಗೂಡುಗಳು ಒಂದರ ಮೇಲೊಂದು. ಒಳಗೆ ತಾಯಿನಾಯಿಗಳು. ಉಗುರು ಬೆಳೆದು ಸುತ್ತಿಕೊಂಡಿತ್ತು, ಮೊಲೆ ಜೋತುಬಿದ್ದಿತ್ತು. ಒಂದೂ ಬೊಗಳಲಿಲ್ಲ. ವಾಪಸ್ ಬರುವಾಗ ನನ್ನ ಹೆಂಡತಿ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಅದಾದ ಮೇಲೂ ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲೇ ಮೂರು ಮನೆಯವರು ತಾಯಿಯನ್ನು ನೋಡದೆ ಮರಿ ತಂದು ನಾವು ಮಾಡಿದ ತಪ್ಪನ್ನೇ ಮಾಡಿದ್ದನ್ನು ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಫೋನು

ಎರಡೇ ಪ್ರಶ್ನೆ ಕೇಳಿ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಸಂಖ್ಯೆ ಎಷ್ಟು? ಮರಿ ಬೆಳೆಯುತ್ತಿರುವ ಜಾಗಕ್ಕೇ ಬಂದು ನೋಡಬಹುದಾ? ನಾಯಿ ತಳಿ ಬೆಳೆಸಿ ಮಾರುವವರು ನೋಂದಾಯಿಸಿಕೊಳ್ಳಲೇಬೇಕು ಅಂತ 2017ರ ಕೇಂದ್ರ ನಿಯಮವೇ ಹೇಳುತ್ತದೆ. "ನೀವ್ಯಾಕೆ ಬರ್ತೀರಿ ಸರ್, ರಿಂಗ್ ರೋಡ್ ಹತ್ತಿರ ನಾವೇ ತಂದುಕೊಡ್ತೀವಿ" ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಒಬ್ಬನೇ ಮನುಷ್ಯ ಐದಾರು ಜಾತಿಯ ಮರಿ ಇದೆ ಎಂದರೂ ಅಷ್ಟೇ.

ತಾಯಿಯನ್ನು ನೋಡುವುದು

ಎಲ್ಲರೂ ಎಡವುವುದು ಇಲ್ಲೇ. ಹೋಗುತ್ತಾರೆ, ಮರಿಯನ್ನು ಎತ್ತಿಕೊಳ್ಳುತ್ತಾರೆ, ಅದು ಮುಖ ನೆಕ್ಕುತ್ತದೆ. ಕೆಲಸ ಮುಗಿಯಿತು. ಆದ್ದರಿಂದ ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಮುಂಗಡದ ದುಡ್ಡೂ ಜೇಬಿನಲ್ಲಿರಬಾರದು. ಮರಿಯನ್ನು ಮುಟ್ಟುವ ಮೊದಲೇ "ತಾಯಿ ಎಲ್ಲಿ?" ಅಂತ ಕೇಳಿ.

ತಾಯಿ ಊರಿಗೆ ಹೋಗಿದೆ, ಸ್ನಾನ ಮಾಡಿಸ್ತಿದ್ದಾರೆ, ಹೊಸಬರನ್ನು ಕಂಡರೆ ಕಚ್ಚುತ್ತೆ ಅನ್ನುತ್ತಾರೆ. ಯಾವುದನ್ನೂ ಒಪ್ಪಬೇಡಿ. ಕೆಲವರು ಯಾವುದೋ ಚೆಂದದ ನಾಯಿಯನ್ನು ತಂದು ಇದೇ ತಾಯಿ ಎನ್ನುತ್ತಾರೆ. ಅದರ ಹೊಟ್ಟೆ ನೋಡಿ. ಮರಿಗೆ ಹಾಲು ಕುಡಿಸಿದ ನಾಯಿಯ ಮೊಲೆಗಳು ದೊಡ್ಡದಾಗಿ, ಜಗ್ಗಿದಂತೆ ಕಾಣುತ್ತವೆ. ಹೊಟ್ಟೆ ಚಪ್ಪಟೆಯಾಗಿ ಬಿಗಿಯಾಗಿದ್ದರೆ ಅದು ತಾಯಿಯಲ್ಲ. ಮರಿಗಳನ್ನು ಅದರ ಹತ್ತಿರ ಬಿಡಲು ಹೇಳಿ, ಹತ್ತು ನಿಮಿಷ ಸುಮ್ನೆ ನಿಂತುಕೊಳ್ಳಿ. ತಾಯಿಯಾದರೆ ಮರಿಗಳು ಹೊಟ್ಟೆಯಡಿಗೆ ನುಗ್ಗುತ್ತವೆ. ಹಾಲು ಬಿಡಿಸುವ ಹೊತ್ತಾಗಿದ್ದರೆ ತಾಯಿ ಗುರ್ ಎಂದು ಎದ್ದುಹೋಗಬಹುದು, ಅದೂ ಸಹಜವೇ. ಸಂಬಂಧವಿಲ್ಲದ ನಾಯಿಯಾದರೆ ಆಚೆ ಈಚೆ ನೋಡುತ್ತಾ ತಪ್ಪಿಸಿಕೊಳ್ಳುತ್ತದೆ.

ಆಮೇಲೆ ತಾಯಿ ಮಲಗುವ ಜಾಗ ತೋರಿಸಿ ಎನ್ನಿ. ಕಾಲಡಿ ಗಟ್ಟಿ ನೆಲವಿದೆಯಾ, ಬರೀ ಜಾಲರಿಯಾ? ಉಗುರು ಸವೆದಿದೆಯಾ? ಓಡಾಡುವ ನಾಯಿಯ ಉಗುರು ತಾನಾಗಿ ಸವೆಯುತ್ತದೆ. ಮೂಗಿಗೆ ಜೋರಾಗಿ ಪೌಡರಿನ ವಾಸನೆ ಹೊಡೆದರೆ, ಅದರಡಿ ಬೇರೆ ವಾಸನೆ ಇದೆ ಅಂತಲೇ ತಿಳಿಯಿರಿ.

ತಾಯಿಯ ವಯಸ್ಸು, ಎಷ್ಟನೇ ಸೂಲು ಎಂದೂ ಕೇಳಿ. 18 ತಿಂಗಳು ತುಂಬದ, 8 ವರ್ಷ ದಾಟಿದ ಹೆಣ್ಣಿನಿಂದ ಮರಿ ಹಾಕಿಸುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದು. ಇದೂ ಅದೇ ನಿಯಮದಲ್ಲಿದೆ.

ಮರಿಯ ವಯಸ್ಸು

ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಬಾಯಿ ಬಿಡಿಸಿ ನೋಡಿ. ಎಂಟು ವಾರದ ಹೊತ್ತಿಗೆ ಸಾಮಾನ್ಯವಾಗಿ 28 ಹಾಲುಹಲ್ಲೂ ಬಂದಿರುತ್ತವೆ. ಹಿಂದಿನ ಹಾಲುಹಲ್ಲು ಇನ್ನೂ ಬಂದಿಲ್ಲದಿದ್ದರೆ ಬೇಡ. "ಚಿಕ್ಕದಿದ್ದಾಗ ತಂದರೆ ಜಾಸ್ತಿ ಹಚ್ಚಿಕೊಳ್ಳುತ್ತೆ" ಅನ್ನುವುದು ಸುಳ್ಳು. ಎಷ್ಟು ಜೋರಾಗಿ ಕಚ್ಚಬಾರದು ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವರ ಜೊತೆ ಆಡಿಯೇ.

ಕಾಗದ

ಲಸಿಕೆ ಕಾರ್ಡಿನಲ್ಲಿ ಸೀಸೆಯ ಸ್ಟಿಕ್ಕರ್, ಬ್ಯಾಚ್ ಸಂಖ್ಯೆ, ಡಾಕ್ಟರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ಬರೀ ಪೆನ್ನಿನ ಗೀಚು ಸಾಲದು. ಗುರುತಿಗೆ ಚರ್ಮದಡಿ ಚಿಪ್ ಹಾಕಿದೆ ಎಂದರೆ ಸ್ಕ್ಯಾನರ್ ಇಟ್ಟು 15 ಅಂಕಿ ತೋರಿಸಲಿ. ನಾಯಿತಳಿ ನೋಂದಾಯಿಸುವ ಕೆನಲ್ ಕ್ಲಬ್ಬಿನ ಸರ್ಟಿಫಿಕೇಟ್ ವಂಶ ಹೇಳುತ್ತದೆ, ತಾಯಿ ಯಾವ ಗೂಡಿನಲ್ಲಿ ಮಲಗುತ್ತಾಳೆಂದು ಹೇಳುವುದಿಲ್ಲ.

 

ತಂದ ಮೇಲೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಪಾರ್ವೊ ಎಂಬ ವೈರಸ್ ರೋಗ ತಗುಲಿದ್ದರೂ ಕೆಲವು ದಿನ ಮರಿ ಚೆನ್ನಾಗಿಯೇ ಆಡಿಕೊಂಡಿರುತ್ತದೆ. ವಾಂತಿ, ಭೇದಿ ಶುರುವಾದರೆ ಒಂದು ರಾತ್ರಿಯೂ ಕಾಯಬೇಡಿ. ಆ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ಸಾಲದು, ಬ್ಲೀಚೇ ಬೇಕು.

ಶೆಡ್ಡು ಕಣ್ಣಿಗೆ ಬಿದ್ದರೆ

ಪಾಪ ಅಂತ ಅಲ್ಲಿಂದ ಒಂದು ಮರಿಯನ್ನು ಕೊಳ್ಳಬೇಡಿ. ನನಗೂ ಅವತ್ತು ಕೈ ಜೇಬಿಗೆ ಹೋಗಿತ್ತು. ನೀವು ಕೊಟ್ಟ ದುಡ್ಡಿನಲ್ಲಿ ಆ ತಾಯಿಯನ್ನು ಮತ್ತೆ ಗಬ್ಬ ಕಟ್ಟಿಸುತ್ತಾರೆ. ಬದಲು ಫೋಟೊ, ಜಾಗ, ದಿನಾಂಕ ಸೇರಿಸಿ ಪೊಲೀಸರಿಗೂ ಪಶುಪಾಲನಾ ಇಲಾಖೆಗೂ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. 1960ರ ಕಾಯ್ದೆಯಲ್ಲಿ ಪ್ರಾಣಿಹಿಂಸೆಗೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ ಅಷ್ಟೇ. ಹೊಟ್ಟೆ ಉರಿಯುತ್ತದೆ. ಆದರೂ ಕೊಡಿ. ನಾವೂ ಕೊಟ್ಟಿದ್ದೇವೆ. ಮರಿ ಬೇಕೇ ಬೇಕಾದರೆ ಮೈಸೂರಿನ ಪ್ರಾಣಿರಕ್ಷಣಾ ಸಂಸ್ಥೆ ಪೀಪಲ್ ಫಾರ್ ಅನಿಮಲ್ಸ್‌ನಂಥ ಕಡೆ ಮೊದಲು ವಿಚಾರಿಸಿ. ನಮ್ಮ ಬೀದಿನಾಯಿಯ ಮರಿಗಿಂತ ಈ ಹವೆಗೆ ಹೊಂದುವ ನಾಯಿ ಬೇರೆ ಇಲ್ಲ.

ಅಂಥ ಕಡೆಯ ನಾಯಿ ಈಗಾಗಲೇ ನಿಮ್ಮ ಮನೆಯಲ್ಲಿದ್ದರೆ ಸೊಂಟದ ಎಕ್ಸ್-ರೇ ಬೇಗ ಮಾಡಿಸಿ, ತೂಕ ಹೆಚ್ಚಿದ್ದರೆ ಇಳಿಸಿ, ಅದರಿಂದ ಮರಿ ಹಾಕಿಸಬೇಡಿ. ಗುಂಡನನ್ನು 38 ಕಿಲೋದಿಂದ 32ಕ್ಕೆ ಇಳಿಸಲು ನಮಗೆ ಏಳು ತಿಂಗಳು ಬೇಕಾಯಿತು. ಮನೆಯ ನುಣುಪು ಟೈಲ್ಸ್ ಮೇಲೆ ಅಡುಗೆಮನೆಯಿಂದ ಬಾಗಿಲವರೆಗೂ ಗೋಣಿತಾಟು ಹಾಸಿದ್ದೇವೆ. ಅವನು ಅದರ ಮೇಲೇ ನಡೆಯುತ್ತಾನೆ. ಚಿನ್ನಿ ಹಿಂದೆಯೇ ಬರುತ್ತಾಳೆ.