ಜಡ್ಡಿಯ ಕೆಸರಿನ ಮೇಲೆ ಬಟ್ಟೆ ಕಟ್ಟಿ ನೊಣ ಹಿಡಿದ ಅನುಭವ

"ಕೆಸರಿನ ಮೇಲೆ ಪರದೆ ಕಟ್ಟಿದರೆ ನಿನಗೆ ಸಿಗೋದು ಉಂಬಳ ಮಾತ್ರ" ಅಂದವರೇ ಈಗ ನಾನು ಕಟ್ಟಿದ ಎಮರ್ಜೆನ್ಸ್ ಟ್ರ್ಯಾಪ್, ಅಂದರೆ ಕೆಸರಿಂದ ಎದ್ದು ಬರುವ ನೊಣಗಳನ್ನು ಅಲ್ಲೇ ಹಿಡಿಯುವ ಬಟ್ಟೆಯ ಗೂಡಿನ ಬಗ್ಗೆ ಕೇಳುತ್ತಿದ್ದಾರೆ. ಅದಕ್ಕೇ ಬರೆದುಬಿಡೋಣ ಅನ್ನಿಸಿತು.

ಸಿದ್ದಾಪುರದ ಕಡೆಯ ರಾಮಪತ್ರೆ ಜಡ್ಡಿಗಳನ್ನು, ಅಂದರೆ ರಾಮಪತ್ರೆ ಮರಗಳ ಜೌಗು ಕಾಡುಗಳನ್ನು, ನೀವೆಲ್ಲ ನೋಡಿರುತ್ತೀರಿ. ಕತ್ತಲೆಕಾನಿನಂಥ ಕಾಡಿನಲ್ಲಿ ಇಲಾಖೆಯ ಪರವಾನಗಿ ಇಲ್ಲದೆ ಹುಳ ಮುಟ್ಟುವ ಹಾಗಿಲ್ಲ. ನಾನು ಮಾಡಿದ್ದು ಭಾವನ ತೋಟದ ತಲೆಯಲ್ಲಿರುವ ಒರತೆ ಜಡ್ಡಿಯಲ್ಲಿ. ಮಾಲ್ಕಿ ಜಾಗ, ಹೆಚ್ಚೆಂದರೆ ಹತ್ತು ಗುಂಟೆ. ಏಪ್ರಿಲ್‌ನಲ್ಲೂ ನೀರು ಜಿನುಗುತ್ತಲೇ ಇರುತ್ತದೆ.

ಲೈಟ್ ಟ್ರ್ಯಾಪ್ ನಾನೂ ಹಾಕಿದವನೇ. ಒಂದೇ ರಾತ್ರಿಗೆ ಸಾವಿರಗಟ್ಟಲೆ ಬೀಳುತ್ತವೆ, ನೋಡೋಕೆ ಖುಷಿ. ಆದರೆ ಅದರಲ್ಲಿ ಜಡ್ಡಿಯವು ಎಷ್ಟು, ಗದ್ದೆಯವು ಎಷ್ಟು, ಗೊಬ್ಬರದ ಗುಂಡಿಯವು ಎಷ್ಟು? ಯಾರಿಗೆ ಗೊತ್ತು! ಎಮರ್ಜೆನ್ಸ್ ಟ್ರ್ಯಾಪ್‌ಗೆ ಬಿದ್ದದ್ದು ಅದರ ಕೆಳಗಿನ ಕೆಸರಲ್ಲೇ ಹುಟ್ಟಿದ್ದು. ನಾನು ಹಟ ಹಿಡಿದದ್ದು ಇದಕ್ಕೇ.

ರೆಡಿಮೇಡ್ ಒಂದಕ್ಕೆ ಆರೇಳು ಸಾವಿರ ಹೇಳಿದರು. ಪಿವಿಸಿ ಪೈಪು, ಸೊಳ್ಳೆ ಪರದೆ, ಮೇಲೊಂದು ಬಾಟಲಿ ಸೇರಿಸಿ ನಾನೇ ಕಟ್ಟಿದೆ. ಒಂದಕ್ಕೆ ಆರುನೂರು ರೂಪಾಯಿ ಬಿದ್ದಿರಬೇಕು. ಮೊದಲ ಕಂತು ಪೂರಾ ನಷ್ಟ. ಬಿಳಿ ಪರದೆಯಲ್ಲಿ ಎಲ್ಲ ಕಡೆ ಬೆಳಕು, ನೊಣ ಬಾಟಲಿ ಕಡೆ ಹತ್ತಲೇ ಇಲ್ಲ. ಕಚ್ಚುವ ಪುಟಾಣಿ ನುಸಿಗಳಾದ ಸೆರಟೊಪೊಗೊನಿಡ್‌ಗಳಂತೂ ಪರದೆಯ ಕಣ್ಣಿನಲ್ಲೇ ನುಸುಳಿಹೋದವು. ಆಮೇಲೆ ಶಿರಸಿ ಪೇಟೆಯಿಂದ ತೆಳ್ಳಗಿನ ಕಪ್ಪು ಬಟ್ಟೆ ತಂದೆ. ಕೆಳಗೆ ಕತ್ತಲೆ, ಬಾಟಲಿಯಲ್ಲಿ ಮಾತ್ರ ಬೆಳಕು. ಅವತ್ತಿಂದ ಕೆಲಸ ನಡೆಯಿತು. ಬಾಟಲಿಗೆ ಹಾಕಿದ ಸ್ಪಿರಿಟ್ ಎರಡು ದಿನಕ್ಕೇ ಆರಿಹೋಗುತ್ತಿತ್ತು, ಉಪ್ಪು ಮತ್ತು ಸೋಪಿನ ನೀರಿಗೆ ಇಳಿದೆ. ಉದ್ದ ಕಾಲಿನ ಕ್ರೇನ್ ಫ್ಲೈಗಳ (ಟಿಪುಲಿಡ್) ಕಾಲು ಉದುರುತ್ತವೆ, ಅದಕ್ಕೆ ಮದ್ದಿಲ್ಲ. ನಂತರ ಹಂದಿ ನುಗ್ಗಿ ಎರಡು ಚೌಕಟ್ಟು ಮುರಿಯಿತು. ಬಾಟಲಿಯ ಕುತ್ತಿಗೆಯಲ್ಲಿ ಜೇಡ ಬಲೆ ಕಟ್ಟಿ ನನ್ನ ಖರ್ಚಲ್ಲಿ ಊಟ ಮಾಡಿತು. ಟ್ರ್ಯಾಪ್ ಕಟ್ಟಿದ ಹಗ್ಗದ ಮೇಲೆ ಚಗಳಿ (ಕೆಂಪಿರುವೆ) ಸಾಲು. ಹಗ್ಗಕ್ಕೆ ಏನು ಹಚ್ಚಿ ನಿಲ್ಲಿಸಿದೆ ಅಂತ ಇಲ್ಲಿ ಹೇಳೋಲ್ಲ, ಜಡ್ಡಿಗೆ ಬಂದವರಿಗೆ ತೋರಿಸುತ್ತೇನೆ.

ಒರತೆ ಬಾಯಿ, ಎಲೆ ಕೊಳೆಯುವ ಕೆಸರು, ಕೆಳಗಿನ ತೋಡು, ಹೀಗೆ ಮೂರು ಕಡೆ ಇಟ್ಟೆ. ಎಲ್ಲ ಕಡೆ ಅರ್ಧಕ್ಕಿಂತ ಜಾಸ್ತಿ, ಸೊಳ್ಳೆಯಂತಿದ್ದರೂ ಕಚ್ಚದ ಕೈರೊನೊಮಿಡ್‌ಗಳೇ. ಎಲೆ ಕೆಸರಲ್ಲಿ ಟಿಪುಲಿಡ್, ಪುಟ್ಟ ಪತಂಗದಂಥ ಸೈಕೋಡಿಡ್ ಸೇರಿದವು. ರಕ್ತ ಹೀರುವ ಕಪ್ಪು ನೊಣ ಸಿಮುಲಿಡ್ ಬಂದದ್ದು ತೋಡಿನಲ್ಲಿ ಮಾತ್ರ. ಅವುಗಳ ಮರಿಗೆ ಹರಿಯುವ ನೀರೇ ಬೇಕಲ್ಲ. ಮಾರ್ಚ್‌ನಲ್ಲಿ ತೋಡಿನ ಲೆಕ್ಕ ಕುಸಿಯಿತು, ಒರತೆ ಬಾಯಿಯಲ್ಲಿ ಹೆಚ್ಚುಕಡಿಮೆ ಹಾಗೇ ಇತ್ತು. ಥರ್ಮಾಮೀಟರ್ ಇಳಿಸಿದಾಗೆಲ್ಲ ಅಲ್ಲಿ 23 ಡಿಗ್ರಿಯ ಆಸುಪಾಸೇ. ತೋಡು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು.

ನಡುವೆ ಸುಮ್ನೆ ಹಳದಿ ತಟ್ಟೆಯಲ್ಲಿ ಸೋಪಿನ ನೀರಿಟ್ಟೆ. ಹಸಿರು ಮಿಂಚಿನ ಪುಟ್ಟ ನೊಣಗಳಾದ ಡಾಲಿಕೊಪೊಡಿಡ್‌ಗಳು ಮುಗಿಬಿದ್ದವು. ಆದರೆ ಬಟ್ಟೆಯ ಟ್ರ್ಯಾಪ್ ಒಳಗೆ ಅವು ಸಿಕ್ಕಿದ್ದು ಬೆರಳೆಣಿಕೆ.

ಇನ್ನೊಂದು ಪ್ರಯೋಗ ಭಾವನ ಕೃಪೆ. ಅವರ ಆಳುಗಳು ಕೊಟ್ಟಿಗೆಗೆ ಹಾಸಲು ಜಡ್ಡಿಯ ಒಂದು ಬದಿಯ ದರಕು (ಉದುರಿದ ಒಣ ಎಲೆ) ಪೂರಾ ಗುಡಿಸಿ ಒಯ್ದಿದ್ದರು. ಅಲ್ಲೂ ಒಂದು ಟ್ರ್ಯಾಪ್ ಇಟ್ಟೆ. ತಿಂಗಳೆರಡರಲ್ಲಿ ಅಲ್ಲಿ ಟಿಪುಲಿಡ್ ಬರೋದೇ ನಿಂತಂತಾಯಿತು, ಕೈರೊನೊಮಿಡ್‌ಗೆ ಅಷ್ಟೇನೂ ಪೆಟ್ಟು ಬೀಳಲಿಲ್ಲ. "ಭಾವ, ಮುಂದಿನ ವರ್ಷ ಒರತೆ ಬಾಯಿ ಹತ್ತಿರ ಗುಡಿಸಬೇಡಿ" ಅಂದೆ. "ನೊಣಕ್ಕೆ ಮೀಸಲಾತಿಯಾ?" ಅಂದರು. ಆದರೂ ಒಪ್ಪಿದ್ದಾರೆ.

ಈಗ ಬಾಕಿ ಇರುವುದು ಸ್ಲೈಡ್ ಕೆಲಸ, ಅಂದರೆ ಸೂಕ್ಷ್ಮದರ್ಶಕದಡಿ ಇಟ್ಟು ಜಾತಿ ಗುರುತಿಸೋದು. ಕೈರೊನೊಮಿಡ್‌ಗಳಲ್ಲಿ ಗಂಡು ಸಿಕ್ಕರೆ ಜನನಾಂಗ ನೋಡಿ ಮುಂದೆ ಹೋಗಬಹುದು, ಹೆಣ್ಣುಗಳದ್ದು ತಲೆನೋವು. ಅವುಗಳ ಡಬ್ಬಗಳನ್ನು ಹಾಗೇ ಇಟ್ಟಿದ್ದೇನೆ. ತಾಳ್ಮೆ ಇರುವವರು ಒಯ್ಯಬಹುದು, ಡಬ್ಬ ಮಾತ್ರ ವಾಪಸ್ ಕೊಡಿ.